ಕಾಡಿಗೆಯ ಬೆಲ್ಟು

ನಾನು ಒಂದು ಚರ್ಮದ ಬೆಲ್ಟು. ಸೊಂಟಕ್ಕೆ ಕಟ್ಟುವುದಲ್ಲ, ನಾಯಿ ಹಿಡಿದು ನಡೆಯುವುದು. ಶಿವಮೊಗ್ಗದ ಒಬ್ಬ ಮೋಚಿ ಶಾಲೆಯ ಬ್ಯಾಗುಗಳಿಗೆಂದು ತಂದ ಚರ್ಮದಲ್ಲಿ ಉಳಿದ ತುಂಡಿನಿಂದ ನನ್ನನ್ನು ಹೊಲಿದ. ಒಂದು ತುದಿಗೆ ಹಿತ್ತಾಳೆಯ ಕೊಂಡಿ, ಇನ್ನೊಂದು ತುದಿಗೆ ಕೈ ತೂರಿಸುವ ಕುಣಿಕೆ. ಕೊಂಡಿಯ ಕಡೆ ನಾಯಿ, ಕುಣಿಕೆಯ ಕಡೆ ಮನುಷ್ಯ. ಯಾರು ಯಾರನ್ನು ಎಳೆಯುತ್ತಾರೆ ಎಂಬುದು ನಡುವೆ ಇರುವ ನನಗೆ ಮಾತ್ರ ಗೊತ್ತು. ಯಾರೂ ಕೇಳಿಲ್ಲ, ನನಗೂ ಹೇಳುವ ಆತುರವಿರಲಿಲ್ಲ.

ಮೊದಲು ನನ್ನನ್ನು ಕೊಂಡವನು ಜಿಮ್ಮಿಗೆ ಹೋಗುವ ಒಬ್ಬ ತರುಣ. ಅವನ ಬಳಿ ಕಪ್ಪು ಲ್ಯಾಬ್ರಡಾರ್ ಹೆಣ್ಣುಮರಿಯೊಂದಿತ್ತು, ಫೋಟೋಕ್ಕೆ ಚೆನ್ನಾಗಿ ಒಪ್ಪುತ್ತಿತ್ತು. ಅದು ಅವನ ಬೂಟುಗಳನ್ನು ಕಡಿದು ನನ್ನ ಕುಣಿಕೆಯ ರುಚಿಯನ್ನೂ ನೋಡಿದ ಮೇಲೆ ಅವನ ಪ್ರೀತಿ ಇಳಿಯಿತು. ಮರಿಯನ್ನೂ ನನ್ನನ್ನೂ ತನ್ನ ಹಳೆಯ ಡ್ರಾಯಿಂಗ್ ಮೇಷ್ಟ್ರು ಹಾಲೇಶಪ್ಪನವರಿಗೆ ಒಪ್ಪಿಸಿ ಕೈತೊಳೆದುಕೊಂಡ. ಮೇಷ್ಟ್ರು ಅವಳ ಮೈ ಸವರಿ ‘ಕಾಡಿಗೆ’ ಎಂದು ಹೆಸರಿಟ್ಟರು.

ಭಾನುವಾರ ಬೆಳಿಗ್ಗೆ ಊರಿನ ಲ್ಯಾಬ್ರಡಾರ್ ಮಂದಿ ತುಂಗೆಯ ದಂಡೆಯ ಹಾದಿಯಲ್ಲಿ ಸೇರುತ್ತಿದ್ದರು. ಬೇರೆ ಜಾತಿಯ ನಾಯಿಗೆ ಅಲ್ಲಿ ಜಾಗವಿಲ್ಲ. ಒಮ್ಮೆ ಒಂದು ಪಮೇರಿಯನ್ ಬಂದಾಗ ಎಲ್ಲರೂ ಆಕಾಶ ನೋಡಿದರು. ಮನುಷ್ಯರ ಜಾತಿಯನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ, ಅದನ್ನೂ ಹೇಳಬೇಕು. ನಾಯಿ ಇಲ್ಲದೆ ಬರಿಗೈಯಲ್ಲಿ ಬರುವವರಿಗೂ ಪ್ರವೇಶವಿಲ್ಲ. ಈ ಕಟ್ಟಳೆ ಮಾಡಿದವರು ನಮ್ಮ ಮೇಷ್ಟ್ರೇ. ಇಲ್ಲದಿದ್ದರೆ ಇದು ಬರೀ ಹರಟೆಕಟ್ಟೆಯಾಗುತ್ತದೆ ಎಂದು ಅವರ ವಾದ.

ಅಲ್ಲಿ ಎಲ್ಲರಿಗೂ ನಾಯಿಯ ಹೆಸರೇ ಮನೆತನದ ಹೆಸರು. ನಮ್ಮವರು ಕಾಡಿಗೆ ಮೇಷ್ಟ್ರು. ಆಸ್ಪತ್ರೆಯ ನರ್ಸ್ ಶಮೀಮ್ ಬಾನು, ಬ್ರೂನೋ ಸಿಸ್ಟರ್. ಸ್ನಾನದ ಮೆಟ್ಟಿಲ ಹತ್ತಿರ ಬೆಲ್ಟುಗಳನ್ನು ಬಿಚ್ಚಿ ಕಂಬಿಗೆ ನೇತುಹಾಕಿ ನಾಯಿಗಳನ್ನು ನೀರಿಗೆ ಬಿಡುವುದು ವಾಡಿಕೆ. ಒದ್ದೆಯಾಗಿ ಮೇಲೆ ಬಂದರೆ ಕಪ್ಪು ಲ್ಯಾಬ್ರಡಾರ್‌ಗಳೆಲ್ಲ ಒಂದೇ ಅಚ್ಚು. ಆದರೂ ಸಾಕಿದವರಿಗೆ ತಮ್ಮದು ಯಾವುದೆಂದು ಗೊತ್ತಾಗಿಬಿಡುತ್ತದೆ.

ಮೇಷ್ಟ್ರ ಕಣ್ಣು ಮಸುಕಾಗುತ್ತಿರುವುದು ಮೊದಲು ತಿಳಿದದ್ದು ನನಗೆ. ನನ್ನನ್ನು ಸಡಿಲವಾಗಿ ಹಿಡಿಯುತ್ತಿದ್ದ ಕೈ ಬಿಗಿಯಾಯಿತು. ಮೆಟ್ಟಿಲು ಬಂದರೆ ಕಾಡಿಗೆ ನಿಧಾನಿಸುವಳು, ಅವರು ನಿಲ್ಲುವರು. ಕಣ್ಣು ಕಾಣದಾದ ದಿನದಿಂದ ಹೊಳೆ ಕಡೆ ಹೋಗುವುದು ಬಂದ್ ಎಂದು ಮಗಳು ಸುಮಿತ್ರಾ ಮೊದಲೇ ಹೇಳಿಟ್ಟಿದ್ದಳು. ನೀರೆಂದರೆ ಅವಳಿಗೆ ಭಯ. ಆ ಭಾನುವಾರಗಳನ್ನು ಬಿಟ್ಟರೆ ಮೇಷ್ಟ್ರಿಗೆ ಹೊರಗಿನ ಲೋಕವೇ ಉಳಿದಿರಲಿಲ್ಲ. ಅದಕ್ಕೇ ಕಾಣುವವರ ಹಾಗೆ ಪೇಪರ್ ಬಿಡಿಸಿ ಕೂರುತ್ತಿದ್ದರು. ಒಮ್ಮೊಮ್ಮೆ ಅದು ತಲೆಕೆಳಗಾಗಿರುತ್ತಿತ್ತು.

ಒಂದು ಭಾನುವಾರ ಕಾಡಿಗೆ ಇನ್ನೂ ನೀರಿನಲ್ಲಿದ್ದಾಗಲೇ ಶಮೀಮ್ ಅವರ ಕಪ್ಪು ಬ್ರೂನೋ ಮೇಲೆ ಬಂದು, ಮೇಷ್ಟ್ರ ಜೇಬಿನ ರಸ್ಕಿನ ವಾಸನೆಗೆ ಅವರ ಮೊಣಕಾಲಿಗೆ ತಲೆಯೊತ್ತಿದ. ಅವರು ತಡಕಿ ಕೊಂಡಿ ಹಾಕಿದರು. ತಪ್ಪು ಕತ್ತು ಎಂದು ನನಗೆ ಕೂಡಲೇ ಗೊತ್ತಾಯಿತು, ಆದರೆ ಚರ್ಮಕ್ಕೆ ಬಾಯಿಲ್ಲ. ಬ್ರೂನೋಗೆ ನಿಧಾನ ಎಂಬುದೇ ಗೊತ್ತಿಲ್ಲ. ಮೇಷ್ಟ್ರು ಮುಗ್ಗರಿಸಿ ಮಂಡಿ ತರಚಿಕೊಂಡು, ಅಭ್ಯಾಸದ ದಾರಿ ಹಿಡಿದು ಹೇಗೋ ಮನೆ ಸೇರಿದರು.

“ಅಪ್ಪಾಜಿ, ಇದು ಯಾರ ನಾಯಿ?” ಎಂದಳು ಸುಮಿತ್ರಾ.

ಅಷ್ಟರಲ್ಲಿ ಶಮೀಮ್ ಕಾಡಿಗೆಯನ್ನು ಕರೆದುಕೊಂಡು ಗೇಟಿನೊಳಗೆ ಬಂದರು. ತರಚಿದ ಮಂಡಿ ನೋಡಿದರು. ಮೇಷ್ಟ್ರು ತಮ್ಮತ್ತ ನೋಡದೆ ಗೇಟಿನ ಕಂಬಕ್ಕೆ ನಮಸ್ಕಾರ ಹೇಳಿದ್ದನ್ನೂ ನೋಡಿದರು. ತಪ್ಪು ತನ್ನದೇ, ಮಾತಿನ ಭರದಲ್ಲಿ ತಾನೇ ಕಾಡಿಗೆಯನ್ನು ಕಟ್ಟಿಕೊಂಡು ಹೊರಟುಬಿಟ್ಟೆ ಎಂದು ಸುಮಿತ್ರಾಳಿಗೆ ಹೇಳಿದರು. ಅವಳು ನಕ್ಕು ಕಾಫಿ ಮಾಡಲು ಒಳಗೆ ಹೋದಳು.

“ಇನ್ಮೇಲೆ ನಿಮ್ಮ ಪಕ್ಕದಲ್ಲೇ ನಡೀತೀನಿ ಮೇಷ್ಟ್ರೇ,” ಎಂದರು ಶಮೀಮ್ ಮೆಲ್ಲಗೆ. “ಆದ್ರೆ ಮಗಳಿಗೆ ನೀವೇ ಹೇಳ್ಬೇಕು. ಇನ್ನೊಂದು ಸಲ ನಾನು ಸುಳ್ಳು ಹೇಳಲ್ಲ.”

ಮೇಷ್ಟ್ರು ಅಂದೇ ಹೇಳಿದರು. ಸುಮಿತ್ರಾ ಅತ್ತಳು, ಸಿಟ್ಟಾದಳು, ಕೊನೆಗೆ ಸಿಸ್ಟರ್ ಜೊತೆಗಿದ್ದರೆ ಸರಿ ಎಂದು ಒಪ್ಪಿದಳು.

ಆಮೇಲೆ ಕಾಡಿಗೆಗೂ ವಯಸ್ಸಾಯಿತು. ಒಂದು ಬೇಸಿಗೆಯಲ್ಲಿ ತೀರಿಕೊಂಡಳು. ನಾನು ಗೋಡೆಯ ಮೊಳೆಗೆ ನೇತುಬಿದ್ದೆ. ನನಗೆ ದುಃಖವಾಯಿತು, ಕತ್ತಿನ ಬಿಸಿ ಇಲ್ಲದೆ ಹಿತ್ತಾಳೆ ಬೇಗ ತಣ್ಣಗಾಗುತ್ತದೆ. ಭಾನುವಾರಗಳಲ್ಲಿ ಮೇಷ್ಟ್ರು ಹೊರಗೆ ಕಾಲಿಡಲಿಲ್ಲ. ತಾವೇ ಮಾಡಿದ ಕಟ್ಟಳೆಯನ್ನು ತಾವೇ ಮುರಿಯಲು ಅವರಿಗೆ ಮನಸ್ಸಾಗಲಿಲ್ಲ.

ಒಂದು ಬೆಳಿಗ್ಗೆ ಶಮೀಮ್ ಬಂದು ನನ್ನನ್ನು ಮೊಳೆಯಿಂದ ತೆಗೆದರು. ಕುಣಿಕೆಯನ್ನು ಮೇಷ್ಟ್ರ ಕೈಗೆ ತೊಡಿಸಿ, ಕೊಂಡಿಯ ತುದಿಯನ್ನು ತಮ್ಮ ಮುಂಗೈಗೆ ಸುತ್ತಿಕೊಂಡರು.

“ಬರಿಗೈಯಲ್ಲಿ ಬರಬಾರದು ಅಂತ ತಾನೇ ನಿಮ್ಮ ರೂಲು? ಈಗ ಕೈ ಬರಿದಾಗಿಲ್ಲ. ಬನ್ನಿ.”

ಈಗ ನನ್ನ ಚರ್ಮ ಬಿರುಕು ಬಿಟ್ಟಿದೆ, ಹೊಲಿಗೆ ಸಡಿಲವಾಗಿದೆ. ಭಾನುವಾರ ಕಪ್ಪು ನಾಯಿಗಳ ನಡುವೆ ತುಂಗೆಯ ದಂಡೆಯಲ್ಲಿ ಹೋಗುತ್ತೇನೆ, ಎರಡೂ ತುದಿಯಲ್ಲಿ ಕೈಗಳು. ಎದುರು ಬರುವವರು ತಿರುಗಿ ನೋಡುತ್ತಾರೆ, ನಾಯಿಗಳು ನೋಡುವುದಿಲ್ಲ. ಮೆಟ್ಟಿಲು ಬಂದರೆ ಕೊಂಡಿಯ ಕಡೆಯ ನಡಿಗೆ ನಿಧಾನವಾಗುತ್ತದೆ, ಕುಣಿಕೆಯ ಕಡೆಯವರು ನಿಲ್ಲುತ್ತಾರೆ. ಯಾರು ಯಾರನ್ನು ಎಳೆಯುತ್ತಾರೆ ಎಂದು ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ಯಾರೂ ಎಳೆಯುತ್ತಿಲ್ಲ.