ಬರ್ರಿ, ಕುಂದರ್ರಿ

ರಾಯಚೂರಾಗ ಬಸ್ ಹತ್ತಿದಾಗಿಂದ ಈ ಮಸರಕಲ್ಲಿನ ಸುಂಕಪ್ಪನ ಬಾಯಿ ಮುಚ್ಚವಲ್ದು. ನಾವಿಬ್ರೂ ರಿಟೈರ್ ಆದ ಮಿಲ್ಟ್ರಿಯೋರು, ಗಡಿಯಾಗ ಒಂದೇ ಪೋಸ್ಟಿನಾಗ ಇದ್ವಿ. ಆಕಡಿಂದ ಮಾರ್ಟರ್ ಗುಂಡು ಸಿಳ್ಳಿ ಹೊಡಕೋತ ಬರಾಕತ್ತಿದ್ರ ಸಾಕು, ಇಂವ "ಬರ್ರಿ, ಕುಂದರ್ರಿ" ಅಂತ ಬೀಗರನ್ನ ಕರದಂಗ ಒದರ್ತಿದ್ದ. ನಾವೆಲ್ಲ ದಬಕ್ಕನ ನೆಲಕ್ಕ ಬೀಳ್ತಿದ್ವಿ. ಪಂಜಾಬಿನ ಹುಡುಗರಿಗೆ ಕನ್ನಡದಾಗ ಬರ್ತಿದ್ದದ್ದು ಅದೊಂದ ಮಾತು. ಅದರ ಅರ್ಥ ಬಾಂಬು ಅಂತ ತಿಳ್ಕೊಂಡಿದ್ರು.

"ಸಂಡಾಸಿನ ತಗಡು ಹಾರಿಹೋದಾಗ ಒಳಗ ನೀನ ಕುಂತಿದ್ದಿ, ನೆನಪದ ಏನಲೇ ಅಂಬರೀಶ?" ಅಂದ. ಇಡೀ ಬಸ್ಸು ತಿರುಗಿ ನನ್ನ ನೋಡ್ತು. ಮೈ ಉರೀತು ನನಗ.

"ಮಾನ್ವ್ಯಾಗ ಇಳದ ಮ್ಯಾಲ ಇದರಾಗಿಂದು ಒಂದ ಮಾತು ಬಂದ್ರೂ ನಿನ್ನ ಅಲ್ಲೇ ಬಿಟ್ಟು ಬರ್ತೀನಿ ನೋಡು," ಅಂದೆ. ಸುಮ್ನ ಅಂದದ್ದಲ್ಲ. ಹೋದ ವರ್ಷ ನನ್ನ ಮಗಳು ಉಮಾದೇವಿಗೆ ದೇವದುರ್ಗದ ಸಂಬಂಧ ಒಂದು ಮುರಿದಿತ್ತು. "ಅಪ್ಪ ಮಿಲ್ಟ್ರಿಯಾಂವ, ತಲಿ ಸರಿ ಇಲ್ಲಂತ" ಅಂತ ಯಾರೋ ಚಾಡಿ ಹೇಳಿದ್ರು. ಅಕಿ ಎಷ್ಟೋ ದಿನ ನನ್ನ ಕೂಡ ಮಾತಾಡಿದ್ದಿಲ್ಲ. ಈಗ ಮಾನ್ವಿಯ ಸಾಲಿ ಮಾಸ್ತರ ಅಮೋಘಸಿದ್ದ ಹುಡುಗಿನ್ನ ಒಪ್ಪಿದ್ದ, ನಾವು ಅವರ ಮನಿ ನೋಡಾಕ ಹೊಂಟಿದ್ವಿ. ಇದೂ ಕೈ ತಪ್ಪಿದ್ರ ಮಗಳ ಮುಖ ಹ್ಯಾಂಗ ನೋಡ್ಲಿ ಅಂತ ಕುಂತಲ್ಲಿ ಕುಂದರಾಕ ಆಗವಲ್ದಾಗಿತ್ತು.

ಅಮೋಘಸಿದ್ದ ಬಾಗಿಲಕ್ಕ ಬಂದು ನೀರಿನ ಚೊಂಬು ಕೊಟ್ಟ. ಕಾಲು ತೊಳಕೊಂಡು ಅವನ ಹಿಂದ ಪಡಸಾಲಿಗೆ ಹೋದ್ವಿ. ಅಷ್ಟರಾಗ ಅಡಗಿಮನ್ಯಾಗ ಕುಕ್ಕರ್ ಸಿಳ್ಳಿ ಹೊಡೀತು. ಅದರ ಬೆನ್ನಿಗೇ ಅವರವ್ವ ಗೋಪಮ್ಮನ ದನಿ ಬಂತು: "ಬರ್ರಿ, ಕುಂದರ್ರಿ."

ನನಗ ಖಬರು ಬಂದಾಗ ನಾ ನೆಲದ ಮ್ಯಾಲಿದ್ದೆ. ಕೆಳಗ ಅಳಿಯ ಆಗಬೇಕಾದಾಂವ ಬಿದ್ದಿದ್ದ, ಅವನ ತಲಿ ಎರಡೂ ಕೈಲೆ ಮುಚ್ಚಿ ಹಿಡದಿದ್ದೆ. ಸುಂಕಪ್ಪ ನೆಟ್ಟಗ ನಿಂತಿದ್ದ. ಮಾತು ಅವಂದು, ಬಿದ್ದಾಂವ ನಾ. ಮುಗೀತು, ಮಗಳ ಬಾಳು ನಾನ ಕೆಡಿಸಿದೆ ಅನಿಸ್ತು.

ಇನ್ನ ಮುಚ್ಚಿಡೋದು ಏನಿತ್ತು? ಸುಂಕಪ್ಪ ಎಲ್ಲಾ ಹೇಳಿದ, ಸಂಡಾಸಿಂದೂ ಬಿಡಲಿಲ್ಲ. ಹುಡುಗ ಅಂಗಿ ಝಾಡಿಸ್ಕೋತ ನಕ್ಕ. ಗೋಪಮ್ಮ ನಗಲಿಲ್ಲ.

"ಎಲ್ಲಾರೂ ಕುಂದರತಿದ್ರೇನ್ರಿ?" ಅಂತ ಕೇಳಿದ್ರು.

ಸುಂಕಪ್ಪ ನೆಲ ನೋಡಿದ. "ಒಬ್ಬಾಂವ ಕುಂದರಲಿಲ್ಲವ್ವಾ. ಇವನ ಬಾಜೂಕ ಇದ್ದ."

ಗೋಪಮ್ಮ ಒಳಗ ಹೋಗಿ ಗ್ಯಾಸ್ ಬಂದ್ ಮಾಡಿದ್ರು. ನಾ ಹೊರಗ ಬಿಟ್ಟ ಚಪ್ಪಲಿ ಎಲ್ಲಿ ಅದಾವ ಅಂತ ನೋಡಾಕತ್ತಿದ್ದೆ. ಸ್ವಲ್ಪ ಹೊತ್ತಿಗೆ ಚಾ ತಗೊಂಡು ಬಂದ್ರು. ಸುಂಕಪ್ಪಗ ಕುರ್ಚಿ ತೋರಿಸಿದ್ರು. ಆಮ್ಯಾಲ ನನ್ನ ಮುಂದ ಬಂದು ಕಪ್ಪು ಹಿಡದು, ಸಣ್ಣ ದನಿಲೆ ಅಂದ್ರು:

"ಬೀಗರ, ನೀವು ನಿಂತ ಕುಡೀರಿ."