ಮಲಗಿ ಹೋಗಲು ಒಂದು ವ್ಯಾನು

ಮಗಳನ್ನು ನೋಡಬೇಕು ಎಂದು ಸುಶೀಲ ಹೇಳಿದಾಗಲೆಲ್ಲ ಗಂಡ ದಂಡಪಾಣಿ ಎದ್ದು ಮಗ್ಗದ ಶೆಡ್ಡಿಗೆ ಹೋಗಿಬಿಡುತ್ತಿದ್ದ. ಬೆನ್ನುಮೂಳೆಯ ಕಾಯಿಲೆಯಿಂದ ಸುಶೀಲಳಿಗೆ ಕುಳಿತುಕೊಳ್ಳಲೂ ಆಗುತ್ತಿರಲಿಲ್ಲ. ಮಗಳು ಈಶ್ವರಿಯನ್ನು ಕೊಟ್ಟಿದ್ದು ದೂರದ ಇಚಲಕರಂಜಿಗೆ, ಅಲ್ಲಿಯೂ ಮಗ್ಗದವರ ಮನೆಗೇ. ಮದುವೆಯಲ್ಲಿ ಎದ್ದ ಜಗಳ ಆರದೆ, ಬೀಗರು ಅವಳನ್ನು ತವರಿಗೆ ಒಮ್ಮೆಯೂ ಕಳಿಸಿರಲಿಲ್ಲ. ತಾಯಿ ಹಾಸಿಗೆ ಹಿಡಿದಿದ್ದಾಳೆಂದು ತಿಳಿಸಿದರೆ, ಬೇಕಾದರೆ ನೀವೇ ಬಂದು ನೋಡಿ ಎಂದರು.

"ನಾನೇ ಹೋಗ್ತೀನಿ," ಎಂದಳು ಸುಶೀಲ. "ಅವರ ಬಾಗಿಲ ಮುಂದೆ ಹೋಗಿ ಮಲಗಿದ್ರೆ, ಬೇಡ ಅಂತಾರಾ?"

ಇನ್ನು ಹೆಚ್ಚು ಕಾಲವಿಲ್ಲವೆಂದು ಕೊಯಮತ್ತೂರಿನ ಡಾಕ್ಟರು ದಂಡಪಾಣಿಯೊಬ್ಬನಿಗೇ ಹೇಳಿದ್ದರು. ಬಾಡಿಗೆ ವ್ಯಾನಿನವರು ಯಾರೂ ಒಪ್ಪಲಿಲ್ಲ. ಅಷ್ಟು ದೂರದ ದಾರಿಯಲ್ಲಿ ಏನಾದರೂ ಆಗಿಬಿಟ್ಟರೆ ಎಂಬ ಭಯ ಅವರಿಗೆ. ಕೊನೆಗೆ ಅವನು ತನ್ನೂರು ಕರುಮತ್ತಂಪಟ್ಟಿಯಲ್ಲಿದ್ದ ನಾಲ್ಕು ಮಗ್ಗಗಳಲ್ಲಿ ಎರಡನ್ನು ಮಾರಿ, ಹಳೆಯ ವ್ಯಾನೊಂದನ್ನು ಹುಡುಕಲು ಹೊರಟ. ಜೊತೆಗೆ ಬಂದವನು ಸುಶೀಲಳ ತಮ್ಮ ಮಯಿಲ್‌ಸಾಮಿ. ನೂಲಿನ ಲಾರಿ ಓಡಿಸುವವನು.

ತುಡಿಯಲೂರಿನ ಒಂದು ವರ್ಕ್‌ಶಾಪಿನಲ್ಲಿ ನಿಂತಿದ್ದ ವ್ಯಾನಿಗೆ ಆಗತಾನೆ ನೀಲಿ ಬಣ್ಣ ಬಳಿದಿದ್ದರು. ಮಯಿಲ್‌ಸಾಮಿ ಕೆಳಗೆ ತೂರಿ ನೋಡಿ, ಬಟ್ಟೆ ಒದರುತ್ತ ಎದ್ದ. "ಬೇಡ ಬಾವ. ತಳವೆಲ್ಲ ತುಕ್ಕು. ಅಕ್ಕನ್ನ ರೋಡಿನ ಮೇಲೇ ಮಲಗಿಸಿದ ಹಂಗೆ ಆಗ್ತದೆ." ಅನ್ನೂರಿನಲ್ಲಿ ಸಿಕ್ಕಿದ್ದು ಗಟ್ಟಿ ಗಾಡಿ, ಬೆಲೆಯೂ ಕೈಗೆಟುಕುವಂಥದು. ಆದರೆ ದಂಡಪಾಣಿ ಹಿಂದುಗಡೆ ಹತ್ತಿ ಉದ್ದಕ್ಕೆ ಮಲಗಿದಾಗ ಮೊಣಕಾಲು ಮಡಿಸಬೇಕಾಯಿತು. ಕಾಲು ಮಡಿಸಿದರೆ ಸುಶೀಲ ಕಿರುಚುತ್ತಿದ್ದಳು.

ಮೂರನೆಯದು ಕೊಯಮತ್ತೂರಿನಲ್ಲಿ, ರಂಗನಾಥ ಎಂಬ ನಿವೃತ್ತ ವಕೀಲರ ಮನೆಯಲ್ಲಿತ್ತು. ಇವರಂತೆಯೇ ಮನೆಯಲ್ಲಿ ಕನ್ನಡ ಮಾತಾಡುವವರು. ಕಣ್ಣು ಮಂದವಾಗಿ ಗಾಡಿ ಓಡಿಸುವುದನ್ನು ಬಿಟ್ಟಿದ್ದರು.

"ವಯಸ್ಸಾಗಿದೆ, ಆದರೆ ನನ್ನನ್ನ ದಾರೀಲಿ ಒಂದು ದಿನಾನೂ ಕೈಬಿಟ್ಟಿಲ್ಲ," ಎಂದರು ಅವರು. "ಎಲ್ಲಿಗೆ ಪ್ರಯಾಣ?"

ದಂಡಪಾಣಿ ಹೇಳಿದ. ರಂಗನಾಥರು ಮತ್ತೇನೂ ಕೇಳದೆ ಕೀಲಿಕೈ ತಂದುಕೊಟ್ಟರು.

ಮಯಿಲ್‌ಸಾಮಿ ಓಡಿಸಿದ. ದಂಡಪಾಣಿ ಬರಿಯ ತಗಡಿನ ಮೇಲೆ ಅಂಗಾತ ಮಲಗಿ, ಹೊಂಡ ಬಿದ್ದ ರಸ್ತೆಯಲ್ಲೇ ಹೋಗು ಎಂದ. ಪ್ರತಿ ಕುಲುಕಿಗೂ ಅವನು ತನ್ನ ಬೆನ್ನಿನ ಮೇಲೆಯೇ ಗಮನವಿಟ್ಟ. ಇಳಿದಾಗ ಅವನ ಮುಖದಲ್ಲಿ ಬೆವರಿತ್ತು.

"ಹೆಂಗದೆ ಬಾವ?"

"ಪರವಾಯಿಲ್ಲೆ. ಹಾಸಿಗೆ ದಪ್ಪ ಹಾಕಿದ್ರೆ ತಡ್ಕೋಬಹುದು," ಎಂದ ದಂಡಪಾಣಿ. ತಾನಾಡಿದ ಮಾತಿನಲ್ಲಿ ಅವನಿಗೇ ನಂಬಿಕೆಯಿರಲಿಲ್ಲ. ಆದರೂ ಅಂದೇ ವ್ಯಾಪಾರ ಮುಗಿಸಿದ.

ಹೊರಡುವ ದಿನ ಸುಶೀಲ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಹಸಿರು ಸೀರೆ ಉಡಿಸಿಕೊಂಡಳು. ನೆರೆಯ ಹೆಂಗಸರು ಚಾಪೆಯ ಸಮೇತ ಅವಳನ್ನು ಎತ್ತಿ ವ್ಯಾನಿನೊಳಗೆ ಇಟ್ಟರು. ಸತ್ಯಮಂಗಲದ ಘಾಟಿ ಹತ್ತಿ ಮೈಸೂರಿನ ಕಡೆಗೆ ಹೋಗಬೇಕಿತ್ತು. ವ್ಯಾನು ಒಂದು ಸಲವೂ ಕೆಮ್ಮದೆ ಓಡಿತು. ಅನ್ನೂರಿನ ಹತ್ತಿರ ಬಂದಾಗ ದಂಡಪಾಣಿ ಅವಳು ನೋವಿಗೆ ಬಾಯಲ್ಲಿ ಕಚ್ಚಿ ಹಿಡಿದಿದ್ದ ಸೆರಗನ್ನು ಬಿಡಿಸಿ ನೋಡಿದ. ಕಚ್ಚಿ ಕಚ್ಚಿ ತುಟಿ ಒಡೆದು ಸೆರಗೆಲ್ಲ ರಕ್ತವಾಗಿತ್ತು.

"ನಿಲ್ಸು!" ಎಂದು ಕೂಗಿದ.

ಮಯಿಲ್‌ಸಾಮಿ ಒಂದು ಬೇವಿನ ಮರದಡಿ ನಿಲ್ಲಿಸಿದ. "ಇನ್ನೂ ಮೆಲ್ಲ ಓಡಿಸ್ತೀನಿ ಬಾವ."

"ಇಷ್ಟು ದೂರಕ್ಕೇ ಹಿಂಗೆ. ಘಾಟಿ ಹೆಂಗೆ ಹತ್ತೋದು?"

"ತಿರುಗಿಸ್ಬೇಡಿ," ಎಂದಳು ಸುಶೀಲ. "ದಾರೀಲಿ ಹೋದ್ರೆ ಹೋಗ್ತೀನಿ. ಮನೇಲಿ ಹೋಗೋದಕ್ಕಿಂತ ಅದೇ ನಂಗೆ ಸರಿ. ಆ ಕಡೆಗೆ ಹೋಗ್ತಾ ಇದ್ದೀನಿ ಅಂತಾದ್ರೂ ಇರ್ತದೆ."

ದಂಡಪಾಣಿ ಅವಳ ತುಟಿಯ ರಕ್ತ ಒರೆಸಿದ. ಪಕ್ಕದಲ್ಲೇ ಟೌನ್ ಬಸ್ಸೊಂದು ಧೂಳೆಬ್ಬಿಸಿಕೊಂಡು ಹೋಯಿತು. ಅವಳು ನೋವಿನಿಂದ ಒದ್ದಾಡಿ ಸಾಯುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ತಿರುಗಿಸು ಎಂದು ಮೈದುನನಿಗೆ ಕೈಯಲ್ಲೇ ತೋರಿಸಿದ. ಮನೆ ಮುಟ್ಟುವವರೆಗೂ ಸುಶೀಲ ಕಣ್ಣು ತೆರೆಯಲಿಲ್ಲ.

ಮರುದಿನ ಅವಳು ತಮ್ಮನನ್ನು ಮಾತ್ರ ಕರೆದಳು. "ನೀ ಹೋಗು. ಕಣ್ಣಾರೆ ನೋಡಿ ಬಂದು ನಂಗೆ ಹೇಳು."

ಮಯಿಲ್‌ಸಾಮಿ ಒಬ್ಬನೇ ಹೋಗಿ ಬಂದ. ಹಿಂತಿರುಗಿದವನು ವ್ಯಾನಿನಿಂದ ಇಳಿಯುತ್ತಲೇ ದಂಡಪಾಣಿಯನ್ನು ಶೆಡ್ಡಿನ ಹಿಂದಕ್ಕೆ ಕರೆದೊಯ್ದ. ಬೀಗರು ಒಳಗೆ ಬಿಟ್ಟಿರಲಿಲ್ಲ. ಈಶ್ವರಿ ಬೀದಿಗೆ ಬಂದು, ಅಮ್ಮ ಹೊರಟು ದಾರಿಯಿಂದ ಮರಳಿದ್ದನ್ನು ಇವನಿಂದ ಕೇಳುತ್ತ ಸ್ವಲ್ಪ ಹೊತ್ತು ನಿಂತಿದ್ದಳಂತೆ. ಗುರುತು ಸಿಗದಷ್ಟು ಬಡವಾಗಿದ್ದಾಳಂತೆ.

"ಏನ್ ಕೇಳಿದ್ಲು?"

"ಅಪ್ಪ ವ್ಯಾನು ಯಾಕೆ ತಿರುಗಿಸಿದ್ರು ಅಂತ."

ಒಳಗೆ ಹೋದ ಮಯಿಲ್‌ಸಾಮಿ ಅಕ್ಕನ ಪಕ್ಕದಲ್ಲಿ ನೆಲಕ್ಕೆ ಕುಳಿತ. ಈಶ್ವರಿ ಚೆನ್ನಾಗಿದ್ದಾಳೆ, ಮೈ ಕೈ ತುಂಬಿಕೊಂಡಿದ್ದಾಳೆ, ಒಳಗೆ ಕೂರಿಸಿ ಊಟ ಬಡಿಸಿದಳು ಎಂದೆಲ್ಲ ಹೇಳಿದ. ಸುಶೀಲ ಅವನ ಮುಖವನ್ನೇ ನೋಡುತ್ತಿದ್ದಳು.

"ಏನ್ ಸಾರು ಮಾಡಿದ್ಲು?" ಎಂದು ಕೇಳಿದಳು.

ಮಯಿಲ್‌ಸಾಮಿ ಬಾಗಿಲಲ್ಲಿ ನಿಂತಿದ್ದ ಬಾವನ ಕಡೆ ನೋಡಿದ.

"ಸರಿ, ಬಿಡು," ಎಂದು ಸುಶೀಲ ಮೆಲ್ಲಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.