ನಲವತ್ತೊಂದು ಹಸಿರು ಚೌಕ

ಹಳೆಯ ಸರ್ವರ್ ಕೋಣೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಿತ್ತು. ಗೋಡೆ ಸದಾ ಬೆವರುತ್ತಿತ್ತು. ಪೆಟ್ಟಿಗೆಗಳ ಹಿಂದೆ ಕೈ ಹಾಕಿದರೆ ಬೂದು ಧೂಳು ಒದ್ದೆ ಹತ್ತಿಯಂತೆ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು, ಅದರೊಳಗೆ ಸತ್ತ ಜಿರಳೆಗಳ ಕಾಲು. ಅವಳು ಕೈ ಕೊಡವಿ ಪ್ಯಾಂಟಿಗೆ ಒರೆಸಿಕೊಂಡಳು. ಆಮೇಲೆ ಪ್ಯಾಂಟಿನ ಬಗ್ಗೆಯೂ ಅಸಹ್ಯವಾಯಿತು.

ಎರಡು ತಿಂಗಳಿಂದ ಅವಳಿಗೆ ಇದೇ ಕೆಲಸ. ಆಸ್ಪತ್ರೆಯ ಸರ್ವರ್‌ಗಳೊಳಗೆ ಸಾಫ್ಟ್‌ವೇರ್ ರೂಪದಲ್ಲೇ ಓಡುವ ಕಂಪ್ಯೂಟರುಗಳನ್ನು, ಅಂದರೆ ನಲವತ್ತೊಂದು ವರ್ಚುವಲ್ ಮಷಿನ್‌ಗಳನ್ನು ಇಲ್ಲಿನ ಹಳೆಯ ಕ್ಲಸ್ಟರಿನಿಂದ, ಎಂದರೆ ಸರ್ವರ್‌ಗಳ ಗುಂಪಿನಿಂದ, ಮಹಡಿಯ ಹೊಸ ಕ್ಲಸ್ಟರಿಗೆ ಸಾಗಿಸಬೇಕು. ಎರಡಕ್ಕೂ ಸ್ಟೋರೇಜ್, ಅಂದರೆ ಡಿಸ್ಕುಗಳ ಪೆಟ್ಟಿಗೆ, ಒಂದೇ ಆಗಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವ ಕೆಲಸ. ಬೇರೆ ಬೇರೆಯಾದ್ದರಿಂದ ಪ್ರತಿ ಮಷಿನ್ನಿನ ಡಿಸ್ಕಿನಲ್ಲಿರುವುದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ನಕಲು ಮಾಡಿ ಒಯ್ಯಬೇಕು. ನರ್ಸ್‌ಗಳು ಅವಳಿಗೆ ‘ಸಾಮಾನು ಸಾಗಿಸೋಳು’ ಎಂದು ಹೆಸರಿಟ್ಟಿದ್ದರು.

ಅವಳ ಮೇಲಧಿಕಾರಿ ಸ್ವಂತ ಸೋದರಮಾವ. ಕೆಲಸ ಕೊಡಿಸಿದವನೂ ಅವನೇ. ಅದನ್ನು ವಾರಕ್ಕೊಮ್ಮೆ ನೆನಪಿಸುವವನೂ ಅವನೇ. ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಂಡು, ಮೂಸಿ ನೋಡಿ, ಅದೇ ಪೆನ್ನನ್ನು ಅವಳಿಗೆ ಸಹಿಗೆಂದು ಚಾಚುತ್ತಿದ್ದ. ಅವನ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಹಾಳೆ, ಮಷಿನ್ನಿಗೊಂದು ಚೌಕ. ಸಾಗಿಸಿದವರು ಒಬ್ಬರು, ಪರೀಕ್ಷಿಸಿದವರು ಇನ್ನೊಬ್ಬರು ಸಹಿ ಹಾಕಿದರೆ ಚೌಕ ಹಸಿರಾಗುತ್ತಿತ್ತು. ಪರೀಕ್ಷೆ ಎಂದರೆ ಮಷಿನ್ನಿನ ಮೊದಲ ಪರದೆ ತೆರೆಯುತ್ತದೆಯೇ ಎಂದು ನೋಡುವುದು, ಅಷ್ಟೇ. ಒಳಗೆ ಇಣುಕುವವರು ಯಾರೂ ಇರಲಿಲ್ಲ.

ಎಕ್ಸ್‌ರೇ ವಿಭಾಗದ್ದು ಎಲ್ಲಕ್ಕಿಂತ ದೊಡ್ಡದು. “ಅದು ನಿನ್ನ ಕೈಲಾಗಲ್ಲ, ನಾನೇ ನೋಡ್ಕೋತೀನಿ” ಎಂದು ಮಾವ ತನ್ನ ಹತ್ತಿರವೇ ಇಟ್ಟುಕೊಂಡಿದ್ದ. ಸೋಮವಾರ ಅದೂ ಸೇರಿ ಏಳು ಮಷಿನ್ನುಗಳ ಪರೀಕ್ಷೆಯ ಹಾಳೆಗಳನ್ನು ಒಟ್ಟಿಗೆ ಮುಂದಿಟ್ಟ. “ನಾನು ನೋಡಿದೀನಲ್ಲಮ್ಮ, ಹಾಕು.” ಅವಳು ಊಟಕ್ಕೆ ಹೊರಟಿದ್ದಳು. ನಿಂತಲ್ಲೇ ಏಳಕ್ಕೂ ಹಾಕಿದಳು, ಮೊದಲ ಪರದೆಯನ್ನು ಕೂಡ ತೆರೆದು ನೋಡದೆ.

ಇವತ್ತು ಮಧ್ಯಾಹ್ನ, ಕೆಲಸ ಮುಗಿದ ಹಳೆಯ ಡಿಸ್ಕುಗಳನ್ನು ಅರೆದು ಪುಡಿ ಮಾಡುವ ಯಂತ್ರವಿದ್ದ ಲಾರಿ ಅಂಗಳಕ್ಕೆ ಬಂದಿತ್ತು. ವೈರು ಕೀಳಲು ಬಂದ ಅವಳು ಕೈ ತಡೆದಳು. ಹಳೆಯ ಸ್ಟೋರೇಜಿನ ದೀಪಗಳೆಲ್ಲ ಸುಮ್ಮನಿರಬೇಕಿತ್ತು. ಕೆಳಗಿನ ಒಂದು ಸಾಲು ಮಾತ್ರ ಪಟಪಟ ಮಿಟುಕುತ್ತಿತ್ತು. ಯಾರೋ ಇದನ್ನು ಈಗಲೂ ಓದುತ್ತಿದ್ದರು.

ಲ್ಯಾಪ್‌ಟಾಪ್ ತೆರೆದಳು. ಎಕ್ಸ್‌ರೇ ವಿಭಾಗದ ವರ್ಚುವಲ್ ಮಷಿನ್ ಹೊಸ ಕ್ಲಸ್ಟರಿನಲ್ಲೇ ಓಡುತ್ತಿತ್ತು. ಅದರ ಚಿಕ್ಕ ಡಿಸ್ಕೂ ಮಹಡಿ ಹತ್ತಿತ್ತು. ಹನ್ನೊಂದು ವರ್ಷದ ಚಿತ್ರಗಳಿದ್ದ ದೊಡ್ಡ ಡಿಸ್ಕ್ ಮಾತ್ರ ಇಲ್ಲೇ, ಈ ಕೊಳಕಿನಲ್ಲೇ ಕೂತಿತ್ತು. ಈ ಹಳೆಯ ಸ್ಟೋರೇಜನ್ನು ನೆಟ್‌ವರ್ಕಿನ ಮೂಲಕ ಹೊಸ ಕ್ಲಸ್ಟರಿಗೆ ಜೋಡಿಸಿ, ಎಲ್ಲ ಸಾಗಿಸಿದೆ ಎಂದು ಮಾವ ಕೈ ತೊಳೆದುಕೊಂಡಿದ್ದ.

ಎಕ್ಸ್‌ರೇ ವಿಭಾಗದ ಹಿರಿಯ ಟೆಕ್ನಿಶಿಯನ್ನಿಗೆ ಫೋನ್ ಹಚ್ಚಿದಳು. “ಅಕ್ಕ, ಹಳೇ ಚಿತ್ರ ಏನಾದ್ರೂ ತೆಗೆದಿದೀರಾ ಈಗ?”

“ಒಬ್ಬ ಹೆಂಗಸಿನ ಶ್ವಾಸಕೋಶದ್ದು. ಮೂರು ವರ್ಷದ ಹಿಂದಿನ ಚುಕ್ಕೆ ದೊಡ್ಡದಾಗಿದ್ಯಾ ಅಂತ ಡಾಕ್ಟರು ಪಕ್ಕದಲ್ಲಿಟ್ಕೊಂಡು ನೋಡ್ತಿದಾರೆ. ಯಾಕೆ, ನಮ್ಮ ಸಾಮಾನು ಮತ್ತೆ ಬೀದಿಗೆ ಹಾಕ್ತೀಯೇನೇ?”

“ಇಲ್ಲಕ್ಕ. ನೋಡ್ಲಿ.”

ಅಷ್ಟರಲ್ಲಿ ಮಾವ ಬಾಗಿಲಲ್ಲಿ ನಿಂತಿದ್ದ. “ಇನ್ನೂ ಕಿತ್ತಿಲ್ವಾ? ಲಾರಿಯೋನು ಗೊಣಗ್ತಿದಾನೆ.”

“ಮಾವ, ಎಕ್ಸ್‌ರೇದು ಹೋಗೇ ಇಲ್ಲ.”

“ಸರ್ ಅನ್ನು.” ಆಮೇಲೆ ದನಿ ತಗ್ಗಿಸಿದ. “ಮೂರು ಸಲ ನಕಲು ಹಚ್ಚಿದೆ ಕಣೆ. ಮೂರು ಸಲಾನೂ ಅರ್ಧಕ್ಕೇ ನಿಂತ್ಹೋಯ್ತು. ತಿಂಗಳ ಕೊನೆಗೆ ಹಾಳೆ ಪೂರ್ತಿ ಹಸಿರಾಗ್ಬೇಕಿತ್ತು. ಹಳೇ ಚಿತ್ರ ಯಾರು ನೋಡ್ತಾರೆ? ಯಾರಾದ್ರೂ ಕೇಳಿದ್ರೆ ಸಾಗಿಸುವಾಗ ಹಾಳಾಯ್ತು ಅಂದ್ರಾಯ್ತು.”

“ಈಗ್ಲೇ ನೋಡ್ತಿದಾರೆ.”

“ಇವತ್ತು ನೋಡ್ಕೊಳ್ಲಿ ಬಿಡು. ಪರೀಕ್ಷೆ ಮಾಡ್ದೋಳು ನೀನೇ ಅಲ್ವಾ, ಮರೆತ್ಯಾ?” ಅವನು ನಕ್ಕ. ಹಲ್ಲಿನ ಸಂದಿಯಲ್ಲಿ ಮಧ್ಯಾಹ್ನದ ಊಟ ಇನ್ನೂ ಇತ್ತು. ಆ ನಗೆಯೊಂದೇ ಆಗಿದ್ದರೆ ಸಹಿಸಬಹುದಿತ್ತು. ಸೋಮವಾರ ಊಟದ ಆತುರದಲ್ಲಿ ಗೀಚಿದ ತನ್ನ ಸಹಿಯೂ ಅದೇ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಂತೆ ಅವಳಿಗೆ ಕಂಡಿತು.

ಲಾರಿ ನಿಲ್ಲಿಸಬಹುದಾದವರು ಆಸ್ಪತ್ರೆಯ ದೊಡ್ಡ ಡಾಕ್ಟರೊಬ್ಬರೇ. ಅವರು ಅಂಗಳದಲ್ಲಿ ಲಾರಿಯವನ ಕಾಗದ ಓದುತ್ತಿದ್ದರು. ಅವಳು ಧೂಳು ಮೆತ್ತಿದ ಕೈಯಲ್ಲೇ ಅವರ ಮುಂದೆ ಹೋಗಿ ನಿಂತಳು. ಮಾವ ಹಿಂದಿನಿಂದ ದಾಪುಗಾಲು ಹಾಕಿ ಬಂದ.

“ಸರ್, ಅರೆಯೋದು ಬೇಡ. ಎಕ್ಸ್‌ರೇ ಚಿತ್ರಗಳೆಲ್ಲ ಇನ್ನೂ ಹಳೇ ಸ್ಟೋರೇಜಲ್ಲೇ ಇವೆ. ಬೇರೆಲ್ಲೂ ನಕಲಿಲ್ಲ.”

ಡಾಕ್ಟರು ಮಾವನ ಮುಖ ನೋಡಿದರು. “ಎಲ್ಲ ಮುಗೀತು ಅಂದ್ರಲ್ರೀ?”

“ಮುಗಿದಿದೆ ಸರ್. ಪರೀಕ್ಷೆ ಮಾಡಿ ಸಹಿ ಹಾಕ್ದೋಳು ಇವಳೇ. ಬೇಕಾದ್ರೆ ಹಾಳೆ ತರಿಸ್ತೀನಿ.”

“ಸಹಿ ನಂದೇ ಸರ್” ಎಂದಳು. “ನೋಡ್ದೆ ಹಾಕಿದೀನಿ. ಸುಳ್ಳು ಸಹಿ. ಏಳು ಮಷಿನ್ನಿಗೆ ಹಾಗೇ ಹಾಕಿದೀನಿ.”

ಲಾರಿಯವನು ಬೀಡಿಯ ಹೊಗೆ ಬಿಡುವುದನ್ನು ಮರೆತು ನಿಂತ. ಡಾಕ್ಟರು ಕಾಗದವನ್ನು ಮಡಚಿ ಕಿಸೆಗಿಟ್ಟರು. ಬೈಗುಳವೆಲ್ಲ ಅವಳ ಪಾಲಿಗೇ ಬಂತು. ಓದಿದವರಾ ನೀವು, ಮನುಷ್ಯರ ಜೀವ ಅಂದ್ರೆ ಆಟಾನಾ, ಬರೋ ಸೋಮವಾರದೊಳಗೆ ವಿವರಣೆ ಬರೆದುಕೊಡಿ. ಮಾವ ಪ್ರತಿ ಮಾತಿಗೂ ಬೇಸರದಿಂದ ತಲೆ ಆಡಿಸಿದ, ತನಗೇ ಮೋಸವಾದವನಂತೆ. ಕೊನೆಗೆ, “ಇನ್ಮುಂದೆ ನಾನೇ ಪಕ್ಕದಲ್ಲಿ ನಿಂತು ಮಾಡಿಸ್ತೀನಿ ಸರ್” ಎಂದ. ಡಾಕ್ಟರು ಒಪ್ಪಿದರು. ಲಾರಿ ಬಂದ ಹಾಗೇ ಹಿಂದಕ್ಕೆ ಹೋಯಿತು.

ಅವಳು ಕೋಣೆಗೆ ಮರಳಿ ನಕಲು ಹಚ್ಚಿದಳು. ಈ ಸಲ ಇಡೀ ಡಿಸ್ಕನ್ನು ಒಂದೇ ಉಸಿರಿಗೆ ಕಳಿಸಲಿಲ್ಲ. ವರ್ಷವರ್ಷದ ಚಿತ್ರಗಳನ್ನು ಬೇರೆ ಬೇರೆ ಗುಂಪು ಮಾಡಿದಳು. ಒಂದು ಗುಂಪು ಆಚೆ ತಲುಪಿದ ಮೇಲೆ ಅದರಿಂದ ಹತ್ತು ಚಿತ್ರ ತೆರೆದು ನೋಡಿದಳು. ಪಕ್ಕೆಲುಬು, ಮೊಣಕಾಲು, ಯಾರದೋ ಮುರಿದ ದವಡೆ.

ಮಾವ ಒಳಗೆ ಬರಲಿಲ್ಲ. ಹೊಸ್ತಿಲ ಮೇಲೆಯೇ ನಿಂತು ಮೂಗು ಮುಚ್ಚಿಕೊಂಡ. “ಸಾಯಂಕಾಲ ನಿಮ್ಮಮ್ಮ ಫೋನ್ ಮಾಡ್ತಾಳೆ. ನಿನ್ನ ಕೆಲಸ ಹೋಗೋ ಹಾಗಿದೆ ಅಂತ ನಾನು ಹೇಗೆ ಹೇಳ್ಲಿ ಅವಳಿಗೆ?”

“ನಡೆದಿದ್ದನ್ನೇ ಹೇಳಿ ಮಾವ.”

“ಸರ್ ಅನ್ನು.”

ಅವಳು ಮುಂದಿನ ವರ್ಷದ ಚಿತ್ರಗಳನ್ನು ಸಾಗಿಸಲು ಹಚ್ಚಿದಳು. “ಬಾಗಿಲು ಹಾಕ್ಕೊಂಡು ಹೋಗಿ ಮಾವ” ಎಂದಳು. “ಎಸಿ ಗಾಳಿ ಎಲ್ಲ ಹೊರಗೆ ಹೋಗ್ತಿದೆ.”